ಮಣ್ಣಿನ ಮನೆಯ ಋಣ

ಕಲ್ಲಿನ ಗೋಡೆಯನ್ನು ನೂರು ವರ್ಷ ಮರೆತರೂ ಅದು ಗೋಡೆಯಾಗಿಯೇ ಉಳಿದೀತು. ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆಯ ಗೋಡೆಯ ಸ್ವಭಾವ ಹಾಗಲ್ಲ. ನಾಲ್ಕಾರು ಮಳೆಗಾಲ ಅದರ ಮಾಡನ್ನು ನೋಡಿಕೊಳ್ಳದಿದ್ದರೆ ಅದು ತಾನು ಎದ್ದುಬಂದ ನೆಲಕ್ಕೇ ಮರಳುತ್ತದೆ. ಆದಕಾರಣ ಎರಡು ಶತಮಾನ ಬಾಳಿದ ಮಣ್ಣಿನ ಮನೆಯೊಂದು ಎಲ್ಲಿಯಾದರೂ ಕಂಡರೆ, ಅಲ್ಲಿ ತಲೆಮಾರಿನಿಂದ ತಲೆಮಾರಿಗೆ ಯಾರೋ ಹೆಂಚು ತಿರುವಿದ್ದಾರೆ, ಯಾರೋ ಸುಣ್ಣ ಬಳಿದಿದ್ದಾರೆ, ಯಾರೋ ನೀರಿಗೆ ದಾರಿ ಮಾಡಿಕೊಟ್ಟಿದ್ದಾರೆ ಎಂದು ನಿಸ್ಸಂಶಯವಾಗಿ ಹೇಳಬಹುದು. ಅಂತಹ ಮನೆಯ ಇತಿಹಾಸವನ್ನು ಬರೆಯುವಾಗ ಕಟ್ಟಿಸಿದವನ ಹೆಸರೊಂದನ್ನೇ ಹೇಳಿ ಮುಗಿಸಿದರೆ ಅದು ಅರ್ಧ ಸತ್ಯವಾಗುತ್ತದೆ. ಕಟ್ಟಿದವರು ಯಾರು, ಕಟ್ಟಿದ ಹಣ ಎಲ್ಲಿಂದ ಬಂತು, ಕಾಪಾಡಿದವರು ಏನನ್ನು ಉಳಿಸಿದರು, ಏನನ್ನು ಮರೆತರು ಎಂಬ ಪ್ರಶ್ನೆಗಳೂ ಆ ಗೋಡೆಗಳೊಳಗೇ ಇವೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಪೆಸಿಫಿಕ್ ಸಾಗರದ ದಡದಲ್ಲಿರುವ ಸಾಂಟಾ ಬಾರ್ಬರಾ ಪಟ್ಟಣದ 'ಕಾಸಾ ದೆ ಲಾ ಗೆರ್ರಾ' ಇಂತಹ ಒಂದು ಮನೆ. ಸ್ಪಾನಿಷ್ ಭಾಷೆಯಲ್ಲಿ 'ಕಾಸಾ' ಎಂದರೆ ಮನೆ; 'ದೆ ಲಾ ಗೆರ್ರಾ' ಎಂಬುದು ಮನೆತನದ ಹೆಸರು. 'ಗೆರ್ರಾ' ಎಂಬ ಶಬ್ದದ ಅರ್ಥ 'ಯುದ್ಧ' ಎಂಬುದನ್ನು ಇಲ್ಲಿ ಹೇಳಬೇಕು. ಮನೆತನದ ಮೂಲಪುರುಷ ಸೈನಿಕನೇ ಆಗಿದ್ದನು.

ಮನೆ ಕಟ್ಟಿಸಿದವನು

ಸ್ಪೇನ್ ದೇಶದ ಉತ್ತರ ಭಾಗದ ಕಾಂತಾಬ್ರಿಯಾ ಪ್ರಾಂತದಲ್ಲಿ 1779ರಲ್ಲಿ ಜನಿಸಿದ ಹೋಸೆ ದೆ ಲಾ ಗೆರ್ರಾ ಈ ನೋರಿಯೇಗಾ, ಬಾಲ್ಯದಲ್ಲಿಯೇ ಸಮುದ್ರ ದಾಟಿ ಮೆಕ್ಸಿಕೋ ನಗರಕ್ಕೆ ಬಂದು ಸೋದರಮಾವನ ಅಂಗಡಿಯಲ್ಲಿ ವ್ಯಾಪಾರದ ಲೆಕ್ಕ ಕಲಿತನು. ವ್ಯಾಪಾರ ಬಿಟ್ಟು ಸೈನ್ಯ ಸೇರಿ 1801ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದನು. 1804ರಲ್ಲಿ ಮರಿಯಾ ಅಂತೋನಿಯಾ ಕರಿಯೋ ಎಂಬ ಕನ್ಯೆಯನ್ನು ವಿವಾಹವಾದನು. ಅವಳ ತಂದೆಯೂ ಸೈನ್ಯಾಧಿಕಾರಿ. 1815ರಲ್ಲಿ ಸಾಂಟಾ ಬಾರ್ಬರಾದ ಸೈನಿಕ ಠಾಣೆಯ ಮುಖ್ಯಸ್ಥನಾದನು. ಜನ ಅವನನ್ನು 'ಎಲ್ ಕಾಪಿತಾನ್', ಅಂದರೆ ಕಪ್ತಾನ ಎಂದೇ ಕರೆಯುತ್ತಿದ್ದರು.

'ಪ್ರೆಸಿಡಿಯೊ' ಎಂದು ಕರೆಯಲಾಗುತ್ತಿದ್ದ ಆ ಠಾಣೆ 1782ರಲ್ಲಿ ಸ್ಥಾಪನೆಯಾಗಿತ್ತು. ಅದರಿಂದ ಸ್ವಲ್ಪ ದೂರದ ಎತ್ತರದ ನೆಲದಲ್ಲಿ ಫ್ರಾನ್ಸಿಸ್ಕನ್ ಪಂಥದ ಸಂನ್ಯಾಸಿಗಳು 1786ರಲ್ಲಿ ಮಿಷನ್ ಸ್ಥಾಪಿಸಿದ್ದರು. 1812ರ ಡಿಸೆಂಬರ್ ತಿಂಗಳ ಭೂಕಂಪದಲ್ಲಿ ಠಾಣೆಯ ಹಾಗೂ ಮಿಷನ್ನಿನ ಕಟ್ಟಡಗಳು ತೀವ್ರವಾಗಿ ಜಖಂಗೊಂಡವು. ಅನಂತರದ ವರ್ಷಗಳಲ್ಲಿ ಜನರು ಠಾಣೆಯ ಆವರಣದಿಂದ ಹೊರಗೆ ಮನೆ ಕಟ್ಟಿಕೊಳ್ಳಲು ಆರಂಭಿಸಿದರು. ಕಪ್ತಾನನೂ 1819ರ ಸುಮಾರಿಗೆ ಠಾಣೆಯ ಹೊರಗೆ ತನ್ನ ಮನೆಯ ಕೆಲಸ ತೊಡಗಿಸಿದನು. ಅದು ಮುಗಿಯಲು ಹತ್ತಿರ ಹತ್ತಿರ ಒಂದು ದಶಕ ಹಿಡಿಯಿತು.

ಮನೆಯ ವಿನ್ಯಾಸ ಸರಳವಾಗಿತ್ತು. ಮೂರು ಕಡೆ ಕೋಣೆಗಳ ಸಾಲು, ನಡುವೆ ವಿಶಾಲವಾದ ಅಂಗಳ, ನಾಲ್ಕನೆಯ ಕಡೆ ಬಯಲಿಗೆ ತೆರೆದ ಮುಖ. ಕೋಣೆಗಳ ಮುಂದೆ ಉದ್ದಕ್ಕೂ ಕಂಬಗಳ ಜಗಲಿ. ಮೇಲೆ ಸುಟ್ಟ ಮಣ್ಣಿನ ಹೆಂಚು. ಸುಣ್ಣ ಬಳಿದ ಬಿಳಿಯ ಗೋಡೆ. ಮಳೆಯ ನೀರು ಗೋಡೆಗೆ ತಾಗದಂತೆ ಮಾಡನ್ನು ಮುಂದಕ್ಕೆ ಇಳಿಸಿದ ಆ ಜಗಲಿ, ಕೂರುವುದಕ್ಕೆ ಎಷ್ಟು ಉಪಯುಕ್ತವೋ ಮನೆಯ ಆಯುಷ್ಯಕ್ಕೂ ಅಷ್ಟೇ ಮುಖ್ಯ.

ಕಪ್ತಾನನಿಗೆ ಇನ್ನೊಂದು ಹೊಣೆಯಿತ್ತು. ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಅಪರಿಗ್ರಹದ ವ್ರತ ತೊಟ್ಟವರು; ಅವರು ಹಣವನ್ನು ತಮ್ಮದಾಗಿ ಇಟ್ಟುಕೊಳ್ಳುವಂತಿಲ್ಲ. ಅವರ ಪರವಾಗಿ ಹಣದ ವ್ಯವಹಾರ ನೋಡಿಕೊಳ್ಳಲು ಗೃಹಸ್ಥನೊಬ್ಬನನ್ನು ನೇಮಿಸುವುದು ಪದ್ಧತಿ. ಅವನಿಗೆ 'ಸಿಂದಿಕೊ' ಎಂದು ಹೆಸರು. ಹೋಸೆ ದೆ ಲಾ ಗೆರ್ರಾ ಕ್ಯಾಲಿಫೋರ್ನಿಯಾದ ಸಂನ್ಯಾಸಿಗಳಿಗೆ ಸಿಂದಿಕೊ ಆಗಿದ್ದನು. ತ್ಯಾಗಿಗಳ ಹೆಸರಿನ ಹಣ ಗೃಹಸ್ಥನ ಕೈಯಲ್ಲಿರುವುದೆಂದರೆ ಅದು ಎಂತಹ ನಂಬಿಕೆ, ಎಂತಹ ಪರೀಕ್ಷೆ ಎಂಬುದನ್ನು ಧಾರ್ಮಿಕ ಸಂಸ್ಥೆಗಳ ಹೊಣೆ ಹೊತ್ತವರಿಗೆ ವಿವರಿಸಬೇಕಾಗಿಲ್ಲ.

ಕಟ್ಟಿದ ಕೈಗಳು

ಹಸಿ ಇಟ್ಟಿಗೆಗೆ ಸ್ಪಾನಿಷ್ ಭಾಷೆಯಲ್ಲಿ 'ಅದೋಬೆ' ಎನ್ನುತ್ತಾರೆ. ಈ ಶಬ್ದ ಅರಬ್ಬಿಯಿಂದ ಸ್ಪೇನಿಗೆ ಬಂದದ್ದು. ಅದರ ಬೇರು ಪ್ರಾಚೀನ ಈಜಿಪ್ಟಿನ ಭಾಷೆಯಲ್ಲಿದೆ. ಜೇಡಿಯೂ ಮರಳೂ ಹದವಾಗಿ ಬೆರೆತ ಮಣ್ಣನ್ನು ನೀರು ಹಾಕಿ ತುಳಿದು, ಬಿರುಕು ಬಿಡದಂತೆ ಹುಲ್ಲು ಬೆರೆಸಿ, ಮರದ ಅಚ್ಚಿನಲ್ಲಿ ಒತ್ತಿ, ಮಗ್ಗುಲು ಬದಲಿಸುತ್ತ ವಾರಗಟ್ಟಲೆ ಬಿಸಿಲಿನಲ್ಲಿ ಒಣಗಿಸಬೇಕು. ತಳದಲ್ಲಿ ಕಲ್ಲಿನ ಪಾಯ ಹಾಕಿ, ಅದೇ ಮಣ್ಣಿನ ಕೆಸರನ್ನು ಗಾರೆಯಾಗಿ ಬಳಸಿ ಗೋಡೆ ಎಬ್ಬಿಸಬೇಕು. ಇದರಲ್ಲಿ ಬೆಂಕಿಯಿಲ್ಲ, ಕಬ್ಬಿಣವಿಲ್ಲ. ಇರುವುದೆಲ್ಲ ಮಣ್ಣು, ನೀರು, ಬಿಸಿಲು ಮತ್ತು ಮನುಷ್ಯನ ಬೆನ್ನು.

ಆ ಬೆನ್ನು ಚುಮಾಶ್ ಜನರದು. ಚುಮಾಶರು ಆ ಕಡಲತೀರದ ಮೂಲನಿವಾಸಿಗಳು. ಸ್ಪಾನಿಷರು ಬರುವುದಕ್ಕೆ ಸಾವಿರಾರು ವರ್ಷ ಮೊದಲಿನಿಂದಲೂ ಅಲ್ಲಿ ಬಾಳಿದ್ದವರು. ಹಲಗೆಗಳನ್ನು ಹೊಲಿದು, ಸಂದುಗಳಿಗೆ ನೈಸರ್ಗಿಕ ಡಾಂಬರು ತುಂಬಿ 'ತೊಮೊಲ್' ಎಂಬ ದೋಣಿ ಕಟ್ಟಿ, ಎದುರಿನ ದ್ವೀಪಗಳೊಡನೆ ವ್ಯಾಪಾರ ಮಾಡುತ್ತಿದ್ದವರು. ಮಿಷನ್ ಬಂದ ಮೇಲೆ ಅವರಿಗೆ ಮತಾಂತರವಾಯಿತು. ಒಮ್ಮೆ ದೀಕ್ಷೆ ಪಡೆದವರು ಮಿಷನ್ನನ್ನು ಇಚ್ಛೆಯಂತೆ ಬಿಟ್ಟು ಹೋಗುವಂತಿರಲಿಲ್ಲ. ತಪ್ಪಿಸಿಕೊಂಡವರನ್ನು ಸೈನಿಕರು ಹಿಡಿದು ತರುತ್ತಿದ್ದರು. ಯುರೋಪಿನಿಂದ ಬಂದ ರೋಗಗಳು ಅವರ ಹಳ್ಳಿಗಳನ್ನು ಬರಿದು ಮಾಡಿದವು. ಠಾಣೆಯ ಕಟ್ಟಡಗಳಿಗೂ ಅಧಿಕಾರಿಗಳ ಕೆಲಸಗಳಿಗೂ ಮಿಷನ್ನಿನಿಂದ ಚುಮಾಶ್ ಆಳುಗಳನ್ನು ಕಳುಹಿಸುವುದು ರೂಢಿಯಾಗಿತ್ತು. ಕೂಲಿ ಬಹುಮಟ್ಟಿಗೆ ಮಿಷನ್ನಿನ ಲೆಕ್ಕಕ್ಕೆ ಜಮೆಯಾಗುತ್ತಿತ್ತು. ಮಣ್ಣು ತುಳಿದವನ ಕೈಗೆ ಬರುತ್ತಿರಲಿಲ್ಲ.

1810ರಲ್ಲಿ ಮೆಕ್ಸಿಕೋದಲ್ಲಿ ಸ್ವಾತಂತ್ರ್ಯ ಸಂಗ್ರಾಮ ಆರಂಭವಾದ ಮೇಲೆ ದಕ್ಷಿಣದಿಂದ ಬರುತ್ತಿದ್ದ ಸರಕಿನ ಹಡಗುಗಳು ನಿಂತುಹೋದವು. ಸೈನಿಕರಿಗೆ ಸಂಬಳವಿಲ್ಲ. ಅವರ ಊಟ ಬಟ್ಟೆಯ ಭಾರವೆಲ್ಲ ಮಿಷನ್ನುಗಳ ಮೇಲೆ, ಅಂದರೆ ಅಲ್ಲಿ ದುಡಿಯುವ ಮೂಲನಿವಾಸಿಗಳ ಮೇಲೆ ಬಿತ್ತು. ಈ ಭಾರ ಕೊನೆಗೆ ಸಹನೆಯ ಎಲ್ಲೆ ಮೀರಿತು. 1824ರ ಫೆಬ್ರುವರಿಯಲ್ಲಿ ಸಾಂಟಾ ಇನೆಸ್ ಮಿಷನ್ನಿನಲ್ಲಿ ಒಬ್ಬ ಚುಮಾಶನಿಗೆ ಚಾಟಿಯೇಟು ಬಿದ್ದ ನಿಮಿತ್ತದಿಂದ ಬಂಡಾಯ ಎದ್ದು, ಲಾ ಪುರಿಸಿಮಾ ಹಾಗೂ ಸಾಂಟಾ ಬಾರ್ಬರಾಗಳಿಗೂ ಹರಡಿತು. ಸಾಂಟಾ ಬಾರ್ಬರಾದ ಬಂಡಾಯಗಾರರ ಮೇಲೆ ಸೈನ್ಯ ನಡೆಸಿಕೊಂಡು ಹೋದವನು ಕಪ್ತಾನ ದೆ ಲಾ ಗೆರ್ರಾನೇ. ಕೆಲವು ಗಂಟೆಗಳ ಕದನದ ಬಳಿಕ ಚುಮಾಶರು ಬೆಟ್ಟ ದಾಟಿ ಒಳನಾಡಿನ ಜೌಗುಪ್ರದೇಶಕ್ಕೆ ಹೊರಟುಹೋದರು. ಕೆಲವರು ದೋಣಿಯೇರಿ ದ್ವೀಪ ಸೇರಿದರು. ಕ್ಷಮಾದಾನದ ಭರವಸೆ ನೀಡಿ, ಸಂನ್ಯಾಸಿಗಳ ಮಧ್ಯಸ್ಥಿಕೆಯಿಂದ, ಜೂನ್ ತಿಂಗಳಲ್ಲಿ ಅವರಲ್ಲಿ ಹೆಚ್ಚಿನವರನ್ನು ಹಿಂದಕ್ಕೆ ಕರೆತರಲಾಯಿತು.

ಆ ವರ್ಷ ಕಪ್ತಾನನ ಮನೆಯ ಕೆಲಸ ಇನ್ನೂ ನಡೆಯುತ್ತಿತ್ತು. ಯಾರ ಕೈಯಿಂದ ಗೋಡೆ ಏಳುತ್ತಿತ್ತೋ ಅವರ ಜನರ ಮೇಲೆಯೇ ಮನೆಯೊಡೆಯನು ಆಯುಧ ಎತ್ತಿದ ವರ್ಷ ಅದು. ಕಪ್ತಾನನು ತನ್ನ ಕಾಲದ ದೃಷ್ಟಿಯಲ್ಲಿ ಕ್ರೂರಿಯಾಗಿರಲಿಲ್ಲ; ಊರಿನ ಜಗಳಗಳನ್ನು ತೀರಿಸುತ್ತಿದ್ದ ಗಣ್ಯ, ದೈವಭಕ್ತ, ಪುಸ್ತಕಪ್ರೇಮಿ. ವೈಯಕ್ತಿಕ ಸದ್ಗುಣವಿದ್ದ ಮಾತ್ರಕ್ಕೆ ಅನ್ಯಾಯದ ವ್ಯವಸ್ಥೆಯಲ್ಲಿ ಪಾಲುಗಾರನಾದ ದೋಷ ಅಳಿಯುವುದಿಲ್ಲ ಎಂಬುದಕ್ಕೆ ಅವನ ಜೀವನವೇ ನಿದರ್ಶನ.

ಸಂಪತ್ತಿನ ಮೂಲ

ಮನೆಯ ವೈಭವಕ್ಕೆ ಬೇಕಾದ ಹಣ ಬಂದದ್ದು ದನಗಳಿಂದ. 1821ರಲ್ಲಿ ಮೆಕ್ಸಿಕೋ ಸ್ವತಂತ್ರವಾಗಿ, ಕ್ಯಾಲಿಫೋರ್ನಿಯಾ ಅದರ ಪ್ರಾಂತವಾದ ಬಳಿಕ ವಿದೇಶಿ ಹಡಗುಗಳಿಗೆ ಬಂದರು ತೆರೆಯಿತು. 1822ರಲ್ಲಿ ಬಂದ ವಿಲಿಯಂ ಹಾರ್ಟ್‌ನೆಲ್ ಎಂಬ ಆಂಗ್ಲ ವರ್ತಕನು ಮಿಷನ್ನುಗಳೊಡನೆ ಒಂದು ಚರ್ಮಕ್ಕೆ ಒಂದು ಪೆಸೊ ದರದಲ್ಲಿ ಕರಾರು ಮಾಡಿಕೊಂಡನು. ಮೂರು ವರ್ಷಗಳಲ್ಲಿ ಕಪ್ತಾನನ ಮಗಳು ತೆರೇಸಾಳ ಕೈ ಹಿಡಿದು ಅಳಿಯನೂ ಆದನು. ಅನಂತರ ಬಾಸ್ಟನ್ನಿನ ಹಡಗುಗಳು ಬಂದವು. ಚರ್ಮ ಮ್ಯಾಸಚೂಸೆಟ್ಸಿನ ಪಾದರಕ್ಷೆ ತಯಾರಿಸುವವರಿಗೆ. ಕೊಬ್ಬು ದಕ್ಷಿಣ ಅಮೆರಿಕದಲ್ಲಿ ಮೇಣದ ಬತ್ತಿಗೂ ಸಾಬೂನಿಗೂ. ಪ್ರತಿಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಟ್ಟೆ, ಪಾತ್ರೆ, ಪೀಠೋಪಕರಣ, ಚೀನಾದ ರೇಷ್ಮೆ, ಕೊನೆಗೆ ಅದೇ ಚರ್ಮದಿಂದ ಮಾಡಿದ ಪಾದರಕ್ಷೆಗಳೂ ಬರುತ್ತಿದ್ದವು. ನಾಣ್ಯ ವಿರಳವಾಗಿದ್ದ ಆ ನಾಡಿನಲ್ಲಿ ಒಣಗಿಸಿದ ಚರ್ಮವೇ ಹಣವಾಗಿ ಚಲಾವಣೆಯಾಯಿತು. ನಾವಿಕರು ಅದನ್ನು 'ಕ್ಯಾಲಿಫೋರ್ನಿಯಾದ ನೋಟು' ಎಂದು ಕರೆದರು.

ಅಹಿಂಸೆಯನ್ನು ಪರಮಧರ್ಮವೆಂದು ಬಗೆದವರಿಗೆ ಈ ಭಾಗ ಓದಲು ಕಷ್ಟವಾದೀತು. ವರ್ಷಕ್ಕೊಮ್ಮೆ ನಡೆಯುತ್ತಿದ್ದ 'ಮತಾನ್ಸಾ' ಎಂಬ ಸಾಮೂಹಿಕ ವಧೆಯ ಕಾಲದಲ್ಲಿ ಚರ್ಮ ಸುಲಿದು, ಕೊಬ್ಬು ಕರಗಿಸಿಕೊಂಡು, ತಿನ್ನಲೂ ಒಣಗಿಸಿಡಲೂ ಆಗದಷ್ಟು ಮಾಂಸವನ್ನು ಬಯಲಿನಲ್ಲಿ ಹದ್ದು ತೋಳಗಳಿಗೆ ಬಿಟ್ಟುಬಿಡುತ್ತಿದ್ದರು. ಹಸಿವೆಗಾಗಿ ನಡೆದ ಹಿಂಸೆಯಲ್ಲ ಅದು, ಲೆಕ್ಕದ ಪುಸ್ತಕಕ್ಕಾಗಿ ನಡೆದದ್ದು. ದೂರದ ಪಟ್ಟಣದ ಬೇಡಿಕೆ ಕಾಣದ ಊರಿನ ಪ್ರಾಣಿಯ ಕೊರಳಿಗೆ ಹೇಗೆ ಬರುತ್ತದೆ ಎಂಬುದನ್ನು ಈ ವ್ಯಾಪಾರ ತೋರಿಸಿಕೊಡುತ್ತದೆ. ಬಾಸ್ಟನ್ನಿನಲ್ಲಿ ಪಾದರಕ್ಷೆ ಕೊಂಡವನಿಗೆ ಅದರ ಹಿಂದಿನ ಬಯಲು ಕಂಡಿರಲಾರದು. ಸಾಂಟಾ ಬಾರ್ಬರಾದ ಅಂಗಳದಲ್ಲಿ ರೇಷ್ಮೆ ಉಟ್ಟವರಿಗೂ ಹಬ್ಬದ ದಿನ ಅದು ನೆನಪಾಗಿರಲಾರದು.

ಅಂಗಳದ ಮದುವೆ

1836ರ ಜನವರಿಯಲ್ಲಿ ಆ ಅಂಗಳದಲ್ಲಿ ನಡೆದ ವಿವಾಹವೊಂದು ಮನೆಯನ್ನು ಪ್ರಸಿದ್ಧಿಗೆ ತಂದಿತು. ವಧು ಕಪ್ತಾನನ ಹದಿಹರೆಯದ ಮಗಳು ಅನಿತಾ. ವರ ಬಾಸ್ಟನ್ನಿನ ಚರ್ಮದ ವ್ಯಾಪಾರ ಸಂಸ್ಥೆಯ ಪ್ರತಿನಿಧಿ ಆಲ್ಫ್ರೆಡ್ ರಾಬಿನ್ಸನ್. ಅದೇ ಸಂಸ್ಥೆಯ ಹಡಗಿನಲ್ಲಿ ಸಾಮಾನ್ಯ ನಾವಿಕನಾಗಿ ಬಂದಿದ್ದ ರಿಚರ್ಡ್ ಹೆನ್ರಿ ಡೇನಾ ಎಂಬ ತರುಣ ಅದನ್ನು ನೋಡಿದನು. ಹಾರ್ವರ್ಡ್‌ನ ವಿದ್ಯಾರ್ಥಿಯಾಗಿದ್ದು ಕಣ್ಣಿನ ದೌರ್ಬಲ್ಯದಿಂದ ಓದು ನಿಲ್ಲಿಸಿ ಕಡಲಿಗಿಳಿದಿದ್ದ ಅವನು 1840ರಲ್ಲಿ ಪ್ರಕಟಿಸಿದ 'ಟು ಇಯರ್ಸ್ ಬಿಫೋರ್ ದಿ ಮಾಸ್ಟ್' ಎಂಬ ಗ್ರಂಥದಲ್ಲಿ ಆ ದಿನಗಳ ವರ್ಣನೆಯಿದೆ. ಆಗ ಊರಿನಲ್ಲಿ ಸುಮಾರು ನೂರು ಮಣ್ಣಿನ ಮನೆಗಳಿದ್ದವು. ಮದುವೆಯ ಹೊತ್ತಿಗೆ ಹಡಗಿನಿಂದ ತೋಪುಗಳು ಹಾರಿದವು. ಅಂಗಳದಲ್ಲಿ ಹೆಚ್ಚುಕಡಿಮೆ ಇಡೀ ಊರು ಹಿಡಿಸುವಷ್ಟು ದೊಡ್ಡ ಡೇರೆ ಕಟ್ಟಿ ಸಂಗೀತ ನರ್ತನ ನಡೆದವು. ವಧುವಿನ ಅಕ್ಕ ಅಂಗುಸ್ತಿಯಾಸ್ ನರ್ತಿಸಿದ ಬಗೆಯನ್ನು ಡೇನಾ ಮೆಚ್ಚಿ ಬರೆದಿದ್ದಾನೆ.

ಗ್ರಂಥ ಓದಿದವರಿಗೆ ಉಳಿದದ್ದು ಹಬ್ಬದ ಚಿತ್ರ. ಅನಿತಾಳ ಮುಂದಿನ ಬದುಕನ್ನು ಹೆಚ್ಚಿನವರು ಕೇಳಲಿಲ್ಲ. 1837ರಲ್ಲಿ ಗಂಡನೊಡನೆ ಬಾಸ್ಟನ್ನಿನ ಕಡೆಗೆ ಹಡಗೇರುವಾಗ ಆಕೆ ತನ್ನ ಹಸುಗೂಸನ್ನು ಈ ಮನೆಯಲ್ಲಿ ತಂದೆತಾಯಿಯರ ಬಳಿ ಬಿಟ್ಟುಹೋಗಬೇಕಾಯಿತು. ಮರಳಿ ಬಂದದ್ದು 1852ರಲ್ಲಿ. ಅಷ್ಟರಲ್ಲಿ ತಾಯಿ ತೀರಿಹೋಗಿದ್ದಳು. 1855ರಲ್ಲಿ ಅನಿತಾಳೂ ಮೃತಳಾದಳು. ವ್ಯಾಪಾರದ ಸಂಬಂಧವನ್ನು ರಕ್ತಸಂಬಂಧವಾಗಿ ಬಲಪಡಿಸಿದ ಮದುವೆಯ ವೆಚ್ಚದಲ್ಲಿ ಈ ಹದಿನೈದು ವರ್ಷಗಳನ್ನೂ ಸೇರಿಸಬೇಕು.

ಧ್ವಜ ಬದಲಾದಾಗ

ಸ್ಪಾನಿಷ್ ಧ್ವಜದ ಅಡಿಯಲ್ಲಿ ಪಾಯ ಹಾಕಿದ ಮನೆ ಮೆಕ್ಸಿಕನ್ ಧ್ವಜದ ಅಡಿಯಲ್ಲಿ ಪೂರ್ಣಗೊಂಡಿತು. ಮೆಕ್ಸಿಕೋದ ಸಂಸತ್ತಿಗೆ ಪ್ರತಿನಿಧಿಯಾಗಿ ಆಯ್ಕೆಯಾದರೂ, ಸ್ಪೇನಿನಲ್ಲಿ ಹುಟ್ಟಿದವನೆಂಬ ಕಾರಣಕ್ಕೆ ಕಪ್ತಾನನಿಗೆ ಅಲ್ಲಿ ಸ್ಥಾನ ದೊರೆಯಲಿಲ್ಲ. ಇತರರನ್ನು ಆಳಿದವನಿಗೆ ತಾನೂ ಪರಕೀಯನೆನಿಸಿಕೊಳ್ಳುವ ಅನುಭವ ಬಂತು. 1846ರ ಡಿಸೆಂಬರಿನಲ್ಲಿ ಅಮೆರಿಕದ ಸೈನ್ಯ ಊರನ್ನು ಪ್ರವೇಶಿಸಿತು. 1848ರ ಗ್ವಾದಲೂಪೆ ಹಿದಾಲ್ಗೊ ಒಪ್ಪಂದದಿಂದ ಕ್ಯಾಲಿಫೋರ್ನಿಯಾ ಅಮೆರಿಕಕ್ಕೆ ಸೇರಿ, 1850ರಲ್ಲಿ ರಾಜ್ಯವಾಯಿತು.

ಕಪ್ತಾನನ ಮಗ ಪಾಬ್ಲೊ ದೆ ಲಾ ಗೆರ್ರಾ 1849ರಲ್ಲಿ ರಾಜ್ಯದ ಸಂವಿಧಾನ ರಚನಾ ಸಭೆಯ ಸದಸ್ಯನಾಗಿದ್ದನು. ಮತದಾನದ ಹಕ್ಕನ್ನು 'ಬಿಳಿಯರಿಗೆ' ಎಂದು ಬರೆಯುವ ಪ್ರಸ್ತಾಪ ಬಂದಾಗ, ಮೈಬಣ್ಣ ಕಪ್ಪೆಂಬ ಕಾರಣಕ್ಕೆ ನಾಗರಿಕರನ್ನು ಹೊರಗಿಡಬಾರದೆಂದು ಅವನು ವಾದಿಸಿದನು. ಆದರೂ ಮತದಾನ ಬಿಳಿಯ ಪುರುಷರದೇ ಆಯಿತು. ಮೂಲನಿವಾಸಿಗಳ ವಿಷಯವನ್ನು ಶಾಸನಸಭೆಯ ಇಚ್ಛೆಗೆ ಬಿಡಲಾಯಿತು. ಮರುವರ್ಷ ಬಂದ ಕಾನೂನು 'ರಕ್ಷಣೆ'ಯ ಹೆಸರು ಹೊತ್ತು ಮೂಲನಿವಾಸಿಗಳ ಬಲವಂತದ ದುಡಿಮೆಗೆ ದಾರಿ ಮಾಡಿತು. ಪಾಬ್ಲೊ ಮುಂದೆ ರಾಜ್ಯದ ಸೆನೆಟರನೂ ಜಿಲ್ಲಾ ನ್ಯಾಯಾಧೀಶನೂ ಆದನು. ಆದರೆ ಅವನು ಅಮೆರಿಕದ ಪ್ರಜೆಯೇ ಅಲ್ಲ, ಆದ್ದರಿಂದ ನ್ಯಾಯಾಧೀಶನಾಗಿರಲು ಅರ್ಹನಲ್ಲ ಎಂದು ಅವನ ಮೇಲೆಯೇ ಮೊಕದ್ದಮೆ ಬಂತು. 1870ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅವನ ಪರವಾಗಿ ತೀರ್ಪಿತ್ತಿತು.

ನ್ಯಾಯಾಲಯದಲ್ಲಿ ಮಾನ ಉಳಿಯಿತು, ಭೂಮಿ ಉಳಿಯಲಿಲ್ಲ. 1851ರ ಕಾನೂನಿನಂತೆ ಸ್ಪಾನಿಷ್ ಮತ್ತು ಮೆಕ್ಸಿಕನ್ ಕಾಲದ ಭೂದಾಖಲೆಗಳನ್ನೆಲ್ಲ ಹಳೆಯ ಒಡೆಯರು ಹೊಸದಾಗಿ ರುಜುವಾತುಪಡಿಸಬೇಕಾಯಿತು. ವಕೀಲರ ಶುಲ್ಕ, ತೆರಿಗೆ, ಬಡ್ಡಿ ಒಂದರ ಮೇಲೊಂದು ಏರಿದವು. 1858ರಲ್ಲಿ ಕಪ್ತಾನನು ತೀರಿಕೊಂಡನು. 1862ರಿಂದ 1864ರವರೆಗಿನ ಘೋರ ಕ್ಷಾಮದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ದನಕರುಗಳು ಮೇವು ನೀರಿಲ್ಲದೆ ಅಸಂಖ್ಯವಾಗಿ ಸತ್ತವು. ಯಾವ ಸಂಪತ್ತಿನಿಂದ ಮನೆ ಎದ್ದಿತೋ ಅದು ಎರಡು ಮೂರು ಬೇಸಗೆಗಳಲ್ಲಿ ಕರಗಿತು. ದಿಗಂತದವರೆಗೆ ಹಬ್ಬಿದ್ದ ಹುಲ್ಲುಗಾವಲುಗಳು ಒಂದೊಂದಾಗಿ ಪರರ ಪಾಲಾದವು. ಮಕ್ಕಳು ಮೊಮ್ಮಕ್ಕಳ ಕೈಯಲ್ಲಿ ಉಳಿದದ್ದು ಊರ ನಡುವಿನ ಆ ಮಣ್ಣಿನ ಮನೆ. ಹೆಂಚು ತಿರುವಿ, ಸುಣ್ಣ ಬಳಿದು, ಅವರು ಇಪ್ಪತ್ತನೆಯ ಶತಮಾನದವರೆಗೂ ಅದರಲ್ಲಿ ಬಾಳಿದರು.

ನೆನಪಿನ ದುರಸ್ತಿ

ಮನೆಯ ಮಗಳಾದ ಅಂಗುಸ್ತಿಯಾಸ್ 1878ರಲ್ಲಿ, ಇತಿಹಾಸಕಾರ ಬ್ಯಾಂಕ್ರಾಫ್ಟ್ ಕಳುಹಿಸಿದ ಲಿಪಿಕಾರನೊಬ್ಬನಿಗೆ ತನ್ನ ನೆನಪುಗಳನ್ನು ಸ್ಪಾನಿಷ್ ಭಾಷೆಯಲ್ಲಿ ಹೇಳಿ ಬರೆಸಿದಳು. ಬಂಡಾಯ, ರಾಜಕೀಯ, ಯುದ್ಧ ಎಲ್ಲವನ್ನೂ ಕಣ್ಣಾರೆ ಕಂಡ ಗೃಹಿಣಿಯ ಸಾಕ್ಷ್ಯ ಅದು. ಅಮೆರಿಕದವರು ನಾಡನ್ನು ವಶಪಡಿಸಿಕೊಂಡದ್ದು ಕ್ಯಾಲಿಫೋರ್ನಿಯಾದ ಜನರಿಗೆ, ಅದರಲ್ಲಿಯೂ ಹೆಂಗಸರಿಗೆ, ಸ್ವಲ್ಪವೂ ಹಿಡಿಸಲಿಲ್ಲವೆಂಬುದು ಆಕೆಯ ಮಾತಿನ ಭಾವ. ಆದರೆ 1956ರಲ್ಲಿ ಪ್ರಕಟವಾದ ಇಂಗ್ಲಿಷ್ ಅನುವಾದದಲ್ಲಿ ಅದು ತಿರುವುಮುರುವಾಗಿ, ಆ ಘಟನೆಯಿಂದ ಜನರಿಗೆ ಬೇಸರವೇ ಆಗಲಿಲ್ಲ, ಹೆಂಗಸರಿಗಂತೂ ಇಲ್ಲವೇ ಇಲ್ಲ ಎಂಬ ಅರ್ಥ ಬಂದಿತ್ತು. ಮುಂದಿನ ವಿದ್ವಾಂಸರು ಮೂಲವನ್ನು ತೆರೆದು ನೋಡಿ ತಪ್ಪನ್ನು ತೋರಿಸುವವರೆಗೆ, ಸೋತವರ ಮನೆಯ ಮಗಳು ಗೆದ್ದವರನ್ನು ಸ್ವಾಗತಿಸಿದಂತೆ ಓದುಗರು ನಂಬಿದ್ದರು. ಮೂಲ ಹಸ್ತಪ್ರತಿಯನ್ನು ಯಾರೋ ಜೋಪಾನವಾಗಿ ಇಟ್ಟಿದ್ದರಿಂದ ಆಕೆಯ ಮಾತು ಆಕೆಗೆ ಮರಳಿ ದಕ್ಕಿತು. ಕಟ್ಟಡದಂತೆ ಕಾಗದಕ್ಕೂ ಪಾಲಕರು ಬೇಕು.

ಭೂಕಂಪ ಮತ್ತು ಮಾದರಿ

1920ರ ದಶಕದ ಆರಂಭದಲ್ಲಿ ಬರ್ನ್‌ಹಾರ್ಡ್ ಹಾಫ್‌ಮನ್ ಮತ್ತು ಅವನ ಪತ್ನಿ ಐರೀನ್ ಎಂಬ ದಂಪತಿಗಳು ಈ ಮನೆಯನ್ನು ಕೊಂಡರು. ಆ ಕಾಲದ ರೀತಿಯಂತೆ ಹಳೆಯದನ್ನು ಕೆಡವಲಿಲ್ಲ. ವಾಸ್ತುಶಿಲ್ಪಿ ಜೇಮ್ಸ್ ಆಸ್ಬೋರ್ನ್ ಕ್ರೇಗ್ ರಚಿಸಿದ ನಕ್ಷೆಯಂತೆ, ಮನೆಯನ್ನು ಕೇಂದ್ರವಾಗಿಟ್ಟುಕೊಂಡು ಅದರ ಸುತ್ತ ಸಣ್ಣ ಅಂಗಳಗಳ, ಅಂಗಡಿಗಳ 'ಎಲ್ ಪಾಸೆಯೊ' ಎಂಬ ಸಂಕೀರ್ಣವನ್ನು ಕಟ್ಟಿಸಿದರು. 1922ರಲ್ಲಿ ಕ್ರೇಗ್ ಅಕಾಲಮರಣಕ್ಕೆ ತುತ್ತಾದ ಮೇಲೆ ಅವನ ಪತ್ನಿ ಮೇರಿ ಕ್ರೇಗ್ ಕೆಲಸದಲ್ಲಿ ಕೈಜೋಡಿಸಿದಳು.

1925ರ ಜೂನ್ 29ರ ಬೆಳಿಗ್ಗೆ 6 ಗಂಟೆ 44 ನಿಮಿಷಕ್ಕೆ ಊರು ನಡುಗಿತು. ಹತ್ತಕ್ಕೂ ಹೆಚ್ಚು ಜನರು ಸತ್ತರು. ಮುಖ್ಯಬೀದಿಯ ಕಟ್ಟಡಗಳು ಬೀದಿಗೆ ಉರುಳಿದವು. ಊರ ಮೇಲಣ ಶೆಫೀಲ್ಡ್ ಅಣೆಕಟ್ಟು ಒಡೆಯಿತು. ದೆ ಲಾ ಗೆರ್ರಾ ಮನೆಯೂ ಎಲ್ ಪಾಸೆಯೊ ಸಂಕೀರ್ಣವೂ ಉಳಿದವು. ಪುನರ್ನಿರ್ಮಾಣದ ನಕ್ಷೆಗಳನ್ನು ಪರಿಶೀಲಿಸಲು ಹಾಫ್‌ಮನ್ ಮತ್ತು ಅವನ ಸಂಗಡಿಗರ ಪ್ರಯತ್ನದಿಂದ ವಾಸ್ತುಶಿಲ್ಪ ಪರಿಶೀಲನಾ ಮಂಡಳಿ ಸ್ಥಾಪನೆಯಾಯಿತು. ಕೆಲವೇ ತಿಂಗಳು ಬಾಳಿದ ಆ ಮಂಡಳಿ ಊರಿನ ಚಹರೆಯನ್ನು ನಿರ್ಧರಿಸಿತು. ಬಿಳಿಯ ಗೋಡೆ, ಕೆಂಪು ಹೆಂಚು, ಕಮಾನು ಸಾಲು: ಇಂದು ಪ್ರವಾಸಿಗರು ಮೆಚ್ಚುವ ಸಾಂಟಾ ಬಾರ್ಬರಾ ಬಹುಪಾಲು ಆ ಭೂಕಂಪದ ಮಗು. ಕಾಂಕ್ರೀಟಿನಲ್ಲಿಯೂ ಸುಟ್ಟ ಇಟ್ಟಿಗೆಯಲ್ಲಿಯೂ ಕಟ್ಟಿದ ಹೊಸ ಪಟ್ಟಣ ಹಳೆಯ ಮಣ್ಣಿನ ಮನೆಯ ಮುಖವನ್ನು ಧರಿಸಿಕೊಂಡಿತು.

ಮಣ್ಣಿನ ಮನೆ ಭೂಕಂಪಕ್ಕೆ ಅಂಜಬೇಕಾಗಿಲ್ಲವೆಂದು ಇದರಿಂದ ತಿಳಿಯಬಾರದು. 1812ರಲ್ಲಿ ಬಿದ್ದವೂ ಮಣ್ಣಿನ ಗೋಡೆಗಳೇ. 1990ರ ದಶಕದಲ್ಲಿ ಗೆಟ್ಟಿ ಸಂರಕ್ಷಣಾ ಸಂಸ್ಥೆ ಕ್ಯಾಲಿಫೋರ್ನಿಯಾದ ಹಳೆಯ ಅದೋಬೆ ಕಟ್ಟಡಗಳ ಬಗೆಗೆ ವಿಸ್ತಾರವಾದ ಅಧ್ಯಯನ ನಡೆಸಿತು. 1994ರ ನಾರ್ತ್‌ರಿಜ್ ಭೂಕಂಪದ ಹಾನಿಯನ್ನೂ ಪರಿಶೀಲಿಸಿತು. ಎತ್ತರ ಕಡಿಮೆಯಿದ್ದು ದಪ್ಪ ಹೆಚ್ಚಿರುವ ಗೋಡೆ ಬಿರುಕು ಬಿಟ್ಟರೂ ಸುಲಭವಾಗಿ ಮಗುಚುವುದಿಲ್ಲ, ಗೋಡೆಗಳ ತಲೆಯನ್ನು ಮಾಡಿಗೆ ಬಂಧಿಸಿ ಪಟ್ಟಿಗಳಿಂದ ಬಿಗಿದರೆ ಮೂಲರೂಪ ಕೆಡದೆ ಬಲ ಬರುತ್ತದೆ, ತೇವ ಕುಡಿದ ಗೋಡೆಯ ಬುಡ ಎಲ್ಲಕ್ಕಿಂತ ಮೊದಲು ಕುಸಿಯುತ್ತದೆ ಎಂಬ ಸಂಗತಿಗಳು ಇಂತಹ ಅಧ್ಯಯನಗಳಿಂದ ದೃಢಪಟ್ಟವು. ಗಟ್ಟಿಯಾಗಲೆಂದು ಹಚ್ಚಿದ ಸಿಮೆಂಟಿನ ಗಿಲಾವು ನೀರನ್ನು ಒಳಗೇ ಬಂಧಿಸಿ ಮಣ್ಣನ್ನು ಕೊಳೆಸುತ್ತದೆ. ಸುಣ್ಣದ ಲೇಪ ಗೋಡೆಗೆ ಉಸಿರಾಡಲು ಬಿಡುತ್ತದೆ. ಹಣ ಬಂದೊಡನೆ ಹಳೆಯ ಗೋಡೆಗೆ ಸಿಮೆಂಟು ಹಚ್ಚಿಸುವ ಉತ್ಸಾಹಿ ಪಾಲಕರೆಲ್ಲ ಮನಸ್ಸಿನಲ್ಲಿಡಬೇಕಾದ ಮಾತು ಇದು.

ವಿಶ್ವಸ್ತರ ಕೈಯಲ್ಲಿ

1963ರಲ್ಲಿ ಸ್ಥಾಪನೆಯಾದ 'ಸಾಂಟಾ ಬಾರ್ಬರಾ ಐತಿಹಾಸಿಕ ಸಂರಕ್ಷಣಾ ನ್ಯಾಸ'ವು 1970ರ ದಶಕದ ಆರಂಭದಲ್ಲಿ ಈ ಮನೆಯ ಹೊಣೆ ವಹಿಸಿಕೊಂಡಿತು. 1977ರಲ್ಲಿ ಮನೆಯೂ ಎಲ್ ಪಾಸೆಯೊ ಸಂಕೀರ್ಣವೂ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿದವು. ಮನೆ ಇಂದು ವಸ್ತುಸಂಗ್ರಹಾಲಯವಾಗಿದೆ.

ಅಂತಹ ಮನೆಯನ್ನು ಜೀರ್ಣೋದ್ಧಾರ ಮಾಡುವವರ ಎದುರು ಕಠಿಣವಾದ ಪ್ರಶ್ನೆಯಿದೆ: ಯಾವ ಕಾಲದ ಮನೆಯನ್ನು ಉಳಿಸಬೇಕು? ಕಪ್ತಾನನ ಮನೆಯನ್ನೋ, ಬಡತನದಲ್ಲಿ ಮೊಮ್ಮಕ್ಕಳು ತೇಪೆ ಹಾಕಿದ ಮನೆಯನ್ನೋ, ಅಂಗಡಿಗಳ ನಡುವೆ ಅಲಂಕಾರಗೊಂಡ ಮನೆಯನ್ನೋ? ಜೀರ್ಣೋದ್ಧಾರಕರು ಕಪ್ತಾನನ ಕಾಲದ ರೂಪವನ್ನು ಆರಿಸಿಕೊಂಡರು. ಒಂದು ಕಾಲವನ್ನು ಕಾಣಿಸಲು ಇನ್ನೊಂದು ಕಾಲದ ಕುರುಹನ್ನು ಹಿಂದಕ್ಕೆ ಸರಿಸದೆ ಗತಿಯಿಲ್ಲ. ಆದುದರಿಂದ ಕೈ ಹಚ್ಚುವ ಮೊದಲು ಅಳತೆ, ಛಾಯಾಚಿತ್ರ, ದಾಖಲೆ ಎಲ್ಲವನ್ನೂ ಮಾಡಿಡುವುದು ಪಾಲಕರ ಮೊದಲ ಧರ್ಮ. ತೆಗೆದದ್ದು ಏನು, ಸೇರಿಸಿದ್ದು ಏನು ಎಂಬುದು ಮುಂದಿನ ತಲೆಮಾರಿಗೆ ತಿಳಿಯುವಂತಿರಬೇಕು.

ಇನ್ನೊಂದು ಪ್ರಶ್ನೆ ಇದಕ್ಕಿಂತ ಆಳವಾದದ್ದು. ಬಹುಕಾಲ ಈ ಮನೆಯ ಕಥೆ ಎಂದರೆ ರೇಷ್ಮೆಯ ಉಡುಪು, ತಂತಿವಾದ್ಯ, ಮದುವೆಯ ನರ್ತನ. 1924ರಿಂದ ಪ್ರತಿ ಬೇಸಗೆಯಲ್ಲಿ ಊರು ಆಚರಿಸುವ ಉತ್ಸವವೂ ಆ ಚಿತ್ರವನ್ನೇ ಬೆಳೆಸಿತು. ಮಣ್ಣು ತುಳಿದ ಚುಮಾಶರು ಆ ಚಿತ್ರದಲ್ಲಿರಲಿಲ್ಲ. ಆದರೆ ಅವರು ಅಳಿದುಹೋದ ಜನಾಂಗವಲ್ಲ. ಚುಮಾಶ್ ವಂಶಸ್ಥರು ಇಂದಿಗೂ ಆ ಕರಾವಳಿಯಲ್ಲಿದ್ದಾರೆ. ತೊಮೊಲ್ ದೋಣಿಯನ್ನು ಮತ್ತೆ ಕಟ್ಟಿ ಪೂರ್ವಿಕರ ದ್ವೀಪಕ್ಕೆ ಹುಟ್ಟು ಹಾಕಿಕೊಂಡು ಹೋಗುತ್ತಾರೆ. ಈಚಿನ ದಶಕಗಳ ಇತಿಹಾಸಕಾರರು ಅವರ ದುಡಿಮೆಯನ್ನೂ ಬಂಡಾಯವನ್ನೂ ಈ ಮನೆಯ ಕಥೆಯೊಳಕ್ಕೆ ತಂದಿದ್ದಾರೆ. ಇದರಿಂದ ಮನೆಯ ಘನತೆ ಕುಂದಲಿಲ್ಲ. ನೋಡುವವರು ಗೋಡೆಯನ್ನು ಗೋಡೆಯಾಗಿಯೇ ನೋಡುವಂತಾಯಿತು.

ಪುರಾತನ ಕಟ್ಟಡಗಳ ಹೊಣೆ ಹೊತ್ತವರಿಗೆ ಈ ದೂರದ ಮನೆಯ ಇತಿಹಾಸ ಮೂರು ಕರ್ತವ್ಯಗಳನ್ನು ನೆನಪಿಸುತ್ತದೆ. ಮೊದಲನೆಯದು, ಹತ್ತು ವರ್ಷಕ್ಕೊಮ್ಮೆ ಮಾಡುವ ದೊಡ್ಡ ಖರ್ಚಿಗಿಂತ ವರ್ಷ ವರ್ಷದ ಸಣ್ಣ ದುರಸ್ತಿ ಮೇಲು. ಮಳೆಗಾಲಕ್ಕೆ ಮೊದಲು ಹೆಂಚು ನೋಡಿಸಿದವನು ಹೊಸ ಗೋಪುರ ಕಟ್ಟಿಸಿದವನಿಗಿಂತ ಕಡಿಮೆ ಪುಣ್ಯವಂತನಲ್ಲ. ಎರಡನೆಯದು, ಕಟ್ಟಡದೊಡನೆ ಅದರ ಕಾಗದಗಳನ್ನೂ ಕಾಪಾಡಬೇಕು. ಮೂಲಪತ್ರ ಉಳಿದಿದ್ದರೆ ತಪ್ಪು ಅರ್ಥವನ್ನು ಎಂದಾದರೂ ತಿದ್ದಬಹುದು. ಮೂರನೆಯದು ಎಲ್ಲಕ್ಕಿಂತ ಕಠಿಣ. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವಾಗ, ಹೆಸರಿಲ್ಲದೆ ದುಡಿದವರನ್ನೂ ಆ ಧನದ ಮೂಲವನ್ನೂ ನೆನೆಯುವ ಪ್ರಾಮಾಣಿಕತೆ ಬೇಕು. ಸತ್ಯವೂ ಅಚೌರ್ಯವೂ ವ್ರತಗಳೆಂದ ಮೇಲೆ ಅವು ಇತಿಹಾಸದ ಬರವಣಿಗೆಗೂ ಅನ್ವಯಿಸುತ್ತವೆ. ಒಬ್ಬರ ಬೆವರನ್ನು ಇನ್ನೊಬ್ಬರ ಕೀರ್ತಿಯ ಲೆಕ್ಕಕ್ಕೆ ಬರೆಯುವುದೂ ಕೊಡದುದನ್ನು ತೆಗೆದುಕೊಂಡಂತೆಯೇ.

ಕಪ್ತಾನನ ವಿಶಾಲ ಭೂಮಿ ಪರರದಾಯಿತು. ಅವನ ಧ್ವಜಗಳೆರಡೂ ಇಳಿದವು. ಚರ್ಮದ ಹಡಗುಗಳು ನಿಂತು ಎಷ್ಟೋ ಕಾಲವಾಯಿತು. ಸಾಂಟಾ ಬಾರ್ಬರಾದ ನಡುವೆ ಚುಮಾಶರ ಕೈಗಳು ಎಬ್ಬಿಸಿದ ಮಣ್ಣಿನ ಗೋಡೆಗಳು ಮಾತ್ರ ಇನ್ನೂ ನಿಂತಿವೆ, ಮತ್ತು ಪ್ರತಿವರ್ಷ ಯಾರಾದರೂ ಅವಕ್ಕೆ ಸುಣ್ಣ ಬಳಿಯುವುದನ್ನು ಬೇಡುತ್ತಲೇ ಇವೆ.